ಹಳದಿ ಗೆರೆ ಎತ್ತ ಸರಿದಿತ್ತು?

ನರ್ಸಮ್ಮನ ಕಾರು ಮೂರನೇ ಸಲ ಗ್ಯಾರೇಜಿಗೆ ವಾಪಸ್ ಬಂದಾಗ ದೊಡ್ಡವನು ಬಾನೆಟ್ ಎತ್ತಲಿಲ್ಲ. ಸೀದಾ ಒಳಗೆ ಹೋದ. ತಮ್ಮನ ಟೂಲ್ ಬಾಕ್ಸನ್ನು ಎರಡೂ ಕೈಯಲ್ಲಿ ಹೊತ್ತುಕೊಂಡು ಬಂದು ಗೇಟಿನಾಚೆ, ಬೀದಿಯಲ್ಲಿ ಇಟ್ಟ.

ಎಸೆದಿದ್ದರೆ ನರ್ಸಮ್ಮ ಅಷ್ಟು ಹೆದರುತ್ತಿರಲಿಲ್ಲವಂತೆ. ಅವನು ಮೆಲ್ಲಗೆ ಇಟ್ಟ.

ಎಂಜಿನ್ ಇನ್ನೂ ಓಡುತ್ತಿತ್ತು. ಟಿಕ್—ಟಿಕ್—ಟಿಕ್.

"ಕೇಳಿಸ್ತಾ?" ಎಂದ ದೊಡ್ಡವನು. "ನಿನ್ನ ಕೈಕೆಲಸ. ನಾಳೆ ಸಂಜೆ ಗಾರೆಯವನು ಬರ್ತಾನೆ. ಶೆಡ್ಡಿನ ಮಧ್ಯ ಗೋಡೆ ಎಬ್ಬಿಸ್ತೀನಿ. ಆ ಕಡೆ ನೀನು, ಈ ಕಡೆ ನಾನು. ಅಲ್ಲೀವರೆಗೂ ನಿನ್ನ ಸಾಮಾನು ನನ್ನ ಕಣ್ಣಿಗೆ ಬೀಳಬಾರದು."

"ಎಬ್ಬಿಸು!" ಎಂದ ಚಿಕ್ಕವನು. "ನಾನು ಬಿಗಿ ಮಾಡಿದ ನಟ್ಟು ತಾನಾಗಿ ಸಡಿಲ ಆಗಲ್ಲ. ಯಾರೋ ಬಿಚ್ಚಿದ್ದಾರೆ. ಯಾರು ಅಂತ ನನ್ನ ಬಾಯಲ್ಲಿ ಹೇಳಿಸಬೇಡ."

ಇಬ್ಬರ ನಡುವೆ, ಮರದ ಸ್ಟೂಲಿನ ಮೇಲೆ, ಅವರ ಅಪ್ಪ ಕೂತಿದ್ದರು. ಊರೆಲ್ಲ ಅವರನ್ನು ಯಜಮಾನರು ಎನ್ನುತ್ತದೆ.

ಇಷ್ಟನ್ನೂ ನರ್ಸಮ್ಮ ನಮ್ಮ ಮನೆಯ ಹಜಾರದಲ್ಲಿ ಕೂತು ಹೇಳಿದಳು. ನಮ್ಮಮ್ಮನ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಲು ಬರುವವಳು ಅವಳು. ಕೇಳುತ್ತಿದ್ದದ್ದು ನನ್ನ ಅತ್ತಿಗೆ. ಅಂದರೆ ಅಣ್ಣನ ಹೆಂಡತಿ. ವಿಮಾ ಕಂಪನಿಯಲ್ಲಿ ಬಹಳ ಕಾಲ ಜಜ್ಜಿಹೋದ ವಾಹನಗಳನ್ನು ಪರೀಕ್ಷೆ ಮಾಡಿದವಳು. ವಾಹನ ಸುಳ್ಳು ಹೇಳುವುದಿಲ್ಲ, ಅದರ ಪಕ್ಕ ನಿಂತವರು ಹೇಳುತ್ತಾರೆ ಎಂಬುದು ಅವಳು ಅಲ್ಲಿ ಕಲಿತ ಪಾಠ. ಈಗ ಕೆಲಸ ಬಿಟ್ಟಿದ್ದಾಳೆ. ಯಾರಿಗೂ ಬಗೆಹರಿಯದ ಕೇಸು ಬಂದರೆ ಗ್ಯಾರೇಜಿನವರು ಕರೆಯುತ್ತಾರೆ. ನಾನು ಅವಳ ಚೀಲ ಹೊರುತ್ತೇನೆ, ಗಾಡಿ ಓಡಿಸುತ್ತೇನೆ, ತಪ್ಪು ಊಹೆ ಮಾಡುತ್ತೇನೆ. ಮೂರನೆಯದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಅವಳ ಅಭಿಪ್ರಾಯ.

"ಅವರಿಬ್ಬರ ಅಮ್ಮ ಹೋಗೋವಾಗ ನಾನೇ ಪಕ್ಕದಲ್ಲಿದ್ದೆ," ಎಂದಳು ನರ್ಸಮ್ಮ. "ಮಕ್ಕಳು ಒಟ್ಟಿಗಿರಲಿ ಅಂತ ಹೇಳಿಕೊಂಡೇ ಕಣ್ಣು ಮುಚ್ಚಿದ್ರು. ಈಗ ನನ್ನ ಕಾರಿನ ದೆಸೆಯಿಂದ ಅಣ್ಣ ತಮ್ಮ ಬೇರೆ ಆದ್ರೆ ನನಗೆ ಅನ್ನ ಇಳಿಯುತ್ತಾ? ನೀವೊಂದು ಸಲ ನೋಡಬೇಕು."

"ಗಾರೆಯವನು ಬರೋದು ಯಾವಾಗ?"

"ನಾಳೆ ಸಂಜೆ."

ಅತ್ತಿಗೆ ಚಪ್ಪಲಿ ಮೆಟ್ಟಿಕೊಂಡಳು.

ಗ್ಯಾರೇಜು ನರ್ಸಮ್ಮನ ಮನೆಯ ಪಕ್ಕದ ಬೀದಿಯಲ್ಲೇ ಇತ್ತು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ ಸ್ಪ್ಯಾನರುಗಳು. ಅಣ್ಣ ತಮ್ಮ ಒಂದೊಂದು ಮೂಲೆಯಲ್ಲಿ ಎಣ್ಣೆ ಸೀಗೆಕಾಯಿಯಂತೆ ನಿಂತಿದ್ದರು. ಅತ್ತಿಗೆ ಕಾರು ಸ್ಟಾರ್ಟ್ ಮಾಡಿಸಿದಳು. ಟಿಕ್ ಟಿಕ್ ಶುರುವಾಯಿತು. ಚೀಲದಿಂದ ರಬ್ಬರ್ ಕೊಳವೆ ತೆಗೆದು, ಒಂದು ತುದಿ ಕಿವಿಗೆ, ಇನ್ನೊಂದು ತುದಿ ಎಂಜಿನ್ನಿನ ಮೇಲೆ ಅಲ್ಲಲ್ಲಿ ಹಿಡಿದಳು. ಮೇಲೆ ಹಿಡಿದಳು, ಕೆಳಗೆ ಹಿಡಿದಳು, ಹಿಂದೆ ಹಿಡಿದಳು. ಎಲ್ಲ ಮುಗಿಸಿ ಎಂಜಿನ್ನಿನ ಮುಂಭಾಗದ ಒಂದು ಮೂಲೆಗೆ ಬಂದು ನಿಂತಳು.

"ಇಲ್ಲಿ."

ಎಂಜಿನ್ನಿನ ಹೊಗೆಯನ್ನೆಲ್ಲ ಒಟ್ಟು ಮಾಡಿ ಹಿಂದಕ್ಕೆ ಕಳಿಸುವ ಎರಕದ ಕೊಳವೆ ಅದು, ಮ್ಯಾನಿಫೋಲ್ಡ್ ಎನ್ನುತ್ತಾರೆ. ಎಂಜಿನ್ನಿನಿಂದ ಹೊರಚಾಚಿದ ಸ್ಟಡ್ಡುಗಳಿಗೆ, ಅಂದರೆ ತಿರುಪಿನ ಕಡ್ಡಿಗಳಿಗೆ, ಅದನ್ನು ಸಿಕ್ಕಿಸಿ, ಸಂದಿ ಮುಚ್ಚಲು ನಡುವೆ ಗ್ಯಾಸ್ಕೆಟ್ ಎಂಬ ತೆಳು ಹಾಳೆ ಇಟ್ಟು, ಮೇಲೆ ನಟ್ಟು ಬಿಗಿಯುತ್ತಾರೆ. ಮೊದಲನೇ ನಟ್ಟಿನ ಬುಡದಲ್ಲಿ ಕಾಡಿಗೆ ತೀಡಿದಷ್ಟು ಮಸಿ ಹತ್ತಿತ್ತು. ಉಳಿದ ಕಡೆ ಚೊಕ್ಕಟ.

"ಹೊಗೆ ಸೋರ್ತಿದೆ," ಎಂದಳು ಅತ್ತಿಗೆ. "ಸಂದಿಯಿಂದ ಒಂದೊಂದೇ ಉಸಿರು ಹೊರಗೆ ಬರ್ತಿದೆ. ಆ ಸದ್ದೇ ಇದು."

"ಅದು ನಮಗೂ ಗೊತ್ತು ಮೇಡಂ," ಎಂದ ದೊಡ್ಡವನು ಬಿರುಸಾಗಿ. "ನಟ್ಟು ಸಡಿಲ ಇದೆ. ಯಾಕೆ ಸಡಿಲ ಇದೆ ಅಂತ ಇವನನ್ನ ಕೇಳಿ."

ನಾನು ನನ್ನ ಪಾಲಿನ ತಪ್ಪು ಊಹೆ ಮುಂದಿಟ್ಟೆ. "ಗ್ಯಾಸ್ಕೆಟ್ಟೇ ನಕಲಿ ಇರಬೇಕು, ಅತ್ತಿಗೆ. ಬಿಡಿಭಾಗದ ಅಂಗಡಿಯವನು ಟೋಪಿ ಹಾಕಿದ್ದಾನೆ."

"ಗ್ಯಾಸ್ಕೆಟ್ ನಕಲಿ ಆಗಿದ್ರೆ ಉದ್ದಕ್ಕೂ ಸೋರಬೇಕಿತ್ತು, ಮೈದುನಪ್ಪ. ಒಂದೇ ಮೂಲೇಲಿ ಯಾಕೆ ಸೋರುತ್ತೆ?"

ಅಂಗಡಿಯವನು ಅಲ್ಲಿಗೆ ಬಚಾವಾದ.

ಮಾತಾಡುತ್ತಿದ್ದಂತೆ ಸದ್ದು ಸಣ್ಣಗಾಗುತ್ತ ಬಂತು, ನಿಂತೇಹೋಯಿತು. ಎಂಜಿನ್ ಬಿಸಿಯಾಗಿತ್ತು. ಕಬ್ಬಿಣ ಕಾದು ಉಬ್ಬಿ ಸಂದಿ ಮುಚ್ಚಿಕೊಂಡಿತ್ತು. ಯಜಮಾನರು ಸ್ಟೂಲಿನಿಂದ ಎದ್ದು ಕೋಲೂರಿಕೊಂಡು ಬಂದರು. ಹೋದ ಚಳಿಗಾಲದಲ್ಲಿ ಅವರಿಗೆ ಲಕ್ವ ಹೊಡೆದಿತ್ತು. ಬಲಪಕ್ಕ ಬಿದ್ದುಹೋಗಿ, ಆಮೇಲೆ ಎದ್ದು ಓಡಾಡುವಂತಾಗಿದ್ದರು. ಕಾರಿನ ಮೇಲೆ ಬಗ್ಗಿ, ಆಸರೆಗೆಂದು ಬಲಗೈಯನ್ನು ಎಂಜಿನ್ನಿನ ಮೇಲಿನ ತಗಡಿನ ಮೇಲಿಟ್ಟರು.

"ನಿಂತುಹೋಯ್ತಲ್ಲ," ಎಂದರು ಸಮಾಧಾನದಿಂದ.

ನಾನೂ ಬಗ್ಗಿ ನೋಡಹೋಗಿ ಅದೇ ತಗಡು ಮುಟ್ಟಿ, "ಅಯ್ಯಪ್ಪಾ!" ಎಂದು ಕೈ ಕೊಡವಿಕೊಂಡೆ. ಚಿಕ್ಕವನು ನಕ್ಕ. ಬೆಳಗಿನಿಂದ ಅವನು ನಕ್ಕದ್ದು ಅದೇ ಮೊದಲಿರಬೇಕು. ಹಳೇ ಮೆಕ್ಯಾನಿಕ್ಕಿನ ಅಂಗೈಗೂ ಚೀಲ ಹೊರುವವನ ಅಂಗೈಗೂ ವ್ಯತ್ಯಾಸ ಇರಬೇಕಾದದ್ದೇ ಎಂದು ನಾನು ಸುಮ್ಮನಾದೆ. ಅತ್ತಿಗೆ ನನ್ನ ಕಡೆ ನೋಡಲೇ ಇಲ್ಲ.

ವಿಚಾರಣೆ ಶುರುವಾಯಿತು. ಮೊದಲು ಚಿಕ್ಕವನು.

"ಮೊದಲ ಸಲ ಏನು ಮಾಡಿದೆ, ತಮ್ಮ?"

"ಹಳೇ ಗ್ಯಾಸ್ಕೆಟ್ ಸುಟ್ಟುಹೋಗಿತ್ತು. ಹೊಸದು ಹಾಕಿದೆ. ನಟ್ಟು ಬಿಗಿ ಮಾಡಿದೆ."

"ಅಂದಾಜಿನ ಮೇಲೆ?"

"ಇಲ್ಲಕ್ಕ, ಟಾರ್ಕ್ ರೆಂಚಲ್ಲಿ." ಅವನು ಉದ್ದ ಹಿಡಿಯ ಉಪಕರಣ ತೋರಿಸಿದ. "ಎಷ್ಟು ಬೇಕೋ ಅಷ್ಟು ಬಿಗಿ ಆದ ತಕ್ಷಣ ಕಟ್ ಅನ್ನುತ್ತೆ. ನಿಲ್ಲಿಸ್ತೀನಿ. ಆಮೇಲೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೀತೀನಿ. ಮ್ಯಾನಿಫೋಲ್ಡ್ ಮೇಲಿಂದ ನಟ್ಟಿನ ಮೇಲೆ ಹಾದು ಸ್ಟಡ್ಡಿನ ತುದೀವರೆಗೂ, ನೇರವಾಗಿ. ನಟ್ಟು ಅಲುಗಿದ್ರೆ ಗೆರೆ ಮುರಿಯುತ್ತೆ."

"ಆಮೇಲೆ?"

"ಆಮೇಲೆ ಏನಿಲ್ಲ. ಅಪ್ಪ ಬಂದು ಒಂದು ಸಲ ಮುಟ್ಟಿದ್ರು, ಕಾರು ಹೊರಗೆ ಹೋಯ್ತು."

"ಮುಟ್ಟಿದ್ರು ಅಂದ್ರೆ?"

"ಅದು ಇಲ್ಲಿ ಮೊದಲಿಂದ ಬಂದ ಪದ್ಧತಿ. ಕಾರು ಗೇಟು ದಾಟೋ ಮುಂಚೆ ಅಪ್ಪ ಒಂದು ಕೊನೇ ಎಳೆತ ಎಳೀತಾರೆ. ಸಾಮಾನ್ಯವಾಗಿ ಚಕ್ರದ ನಟ್ಟು. ಅದಾಗದೆ ಯಾವ ಗಾಡಿನೂ ಹೊರಗೆ ಹೋಗಲ್ಲ. ಈಗೆಲ್ಲ ಬರೀ ಶಾಸ್ತ್ರ ಅಷ್ಟೆ."

ದೊಡ್ಡವನ ಸರದಿ.

"ಕಾರು ವಾಪಸ್ ಬಂದಾಗ ನೀವೇನು ನೋಡಿದ್ರಿ?"

"ಗೆರೆ ಮುರಿದಿತ್ತು. ಮೊದಲನೇ ನಟ್ಟಿನದು ಮಾತ್ರ. ಸ್ಪ್ಯಾನರ್ ಹಾಕಿದ್ರೆ ಬಿಗಿನೇ ಇಲ್ಲ, ಸುಲಭವಾಗಿ ತಿರುಗ್ತು. ಇವನು ಸಡಿಲ ಬಿಟ್ಟಿದ್ದಾನೆ ಅಂತ ಬೈದೆ. ಎರಡನೇ ಸಲ, ಮೂರನೇ ಸಲ ನನ್ನ ಕಣ್ಣೆದುರೇ ಬಿಗಿ ಮಾಡಿಸಿದೆ. ಮತ್ತೆ ಬಂತು. ಮತ್ತೆ ಅದೇ ನಟ್ಟು, ಮತ್ತೆ ಸಡಿಲ."

"ಕಣ್ಣೆದುರೇ ಬಿಗಿ ಮಾಡಿದ ಮೇಲೂ ತಮ್ಮನದೇ ತಪ್ಪು ಹೇಗೆ?"

"ನಾನು ಊಟಕ್ಕೆ ಹೋದಾಗ ಬಿಚ್ಚಿರಬೇಕು. ಬೇರೆ ಅಂಗಡಿ ಹಾಕೋ ಆಸೆ ಇದೆ ಅವನಿಗೆ. ನೆಪ ಬೇಕು."

"ನೆಪ ಬೇಕಾಗಿರೋದು ನಿನಗೆ!" ಎಂದು ಚಿಕ್ಕವನು ಕೂಗಿದ. "ನನ್ನ ಕೆಲಸ ಕೆಟ್ಟದು ಅಂತ ಊರಿಗೆಲ್ಲ ತೋರಿಸಿ ಓಡಿಸೋಕೆ ನೀನೇ ಬಿಚ್ಚಿದ್ದೀಯ!"

"ನಾನ್ಯಾಕೋ ಬಿಚ್ಚಲಿ? ಬೋರ್ಡಿನ ಮೇಲಿರೋದು ನನ್ನ ಹೆಸರೂ ಅಲ್ವೇನೋ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ಕೇಳಿದ್ದೆ. ಇಲ್ಲಿ ಇಬ್ಬರೂ ಒಬ್ಬರ ಹೆಗಲನ್ನು ಇನ್ನೊಬ್ಬರು ಮುಟ್ಟಿ ನೋಡುತ್ತಿದ್ದರು. ನನಗೆ ದೊಡ್ಡವನ ಮೇಲೇ ಅನುಮಾನ ಗಟ್ಟಿಯಾಯಿತು. ಧ್ವನಿ ಜಾಸ್ತಿ ಇದ್ದವನ ಮೇಲೆ ಅನುಮಾನಪಡುವುದು ನನ್ನ ಹಳೇ ಚಾಳಿ.

ಅತ್ತಿಗೆ ಟಾರ್ಚ್ ಹಿಡಿದು ಮೊದಲನೇ ನಟ್ಟನ್ನು ನೋಡಿದಳು. ನನ್ನನ್ನೂ ಕರೆದಳು. "ಏನು ಕಾಣುತ್ತೆ ಹೇಳು."

"ಗೆರೆ ಮುರಿದಿದೆ. ಮ್ಯಾನಿಫೋಲ್ಡ್ ಮೇಲಿನ ತುಂಡು ಇಲ್ಲಿದೆ, ನಟ್ಟಿನ ಮೇಲಿನ ತುಂಡು ಒಂದಿಷ್ಟು ಬಲಕ್ಕೆ ಸರಿದಿದೆ. ಇವರು ಹೇಳಿದ್ದೇ ಸರಿ, ನಟ್ಟು ಅಲುಗಿದೆ."

"ಸರಿಯಾಗಿ ಹೇಳಿದೆ," ಎಂದಳು. ಅವಳು ಹಾಗೆ ಹೊಗಳಿದರೆ ನಾನು ಏನನ್ನೋ ಬಿಟ್ಟಿದ್ದೇನೆ ಎಂದೇ ಅರ್ಥ.

ಕೊನೆಗೆ ಯಜಮಾನರ ಪಕ್ಕ ಹೋಗಿ ಕೂತಳು.

"ನಿಮಗೆ ಯಾರ ಮೇಲೆ ಅನುಮಾನ?"

"ಇಬ್ಬರೂ ನನ್ನ ಮಕ್ಕಳಮ್ಮ. ಯಾರ ಮೇಲೆ ಪಡ್ಲಿ? ದೊಡ್ಡವನಿಗೆ ಮೂಗಿನ ತುದೀಲಿ ಸಿಟ್ಟು. ಆದರೆ ಕಳ್ಳ ಅಲ್ಲ. ಚಿಕ್ಕವನು ಸ್ವಲ್ಪ ಅವಸರ. ಒಂದು ನಟ್ಟು ಸಡಿಲ ಬಿಟ್ಟಿದ್ರೂ ಬಿಟ್ಟಿರಬಹುದು. ಅಷ್ಟಕ್ಕೆ ಗೋಡೆ ಕಟ್ಟೋದಾ?" ಅವರು ಕೋಲನ್ನು ನೆಲಕ್ಕೆ ಕುಟ್ಟಿದರು. "ಇವರಮ್ಮ ಇದ್ದಿದ್ರೆ ಇಬ್ಬರ ಕಿವೀನೂ ಹಿಂಡ್ತಿದ್ಲು."

"ಚಿಕ್ಕವನು ಸಡಿಲ ಬಿಟ್ಟ ಅಂತ ನೀವೂ ನಂಬಿದ್ರಾ?"

ಅವರು ಬಲಗೈಯನ್ನು ಎಡಗೈಯಿಂದ ತಿಕ್ಕಿಕೊಂಡರು. ಅಂಗೈಯಲ್ಲಿ ಹೊಸದಾಗಿ ಕೆಂಪು ಬೊಬ್ಬೆಯೊಂದು ಎದ್ದಿತ್ತು.

"ಕಾರು ಇವತ್ತು ಇಲ್ಲೇ ಇರಲಿ," ಎಂದು ಅತ್ತಿಗೆ ಎದ್ದಳು. "ಎಂಜಿನ್ ಪೂರ್ತಿ ತಣ್ಣಗಾಗಲಿ. ನಾಳೆ ಬೆಳಿಗ್ಗೆ ಬರ್ತೀನಿ. ಯಾರೂ ಮುಟ್ಟಬೇಡಿ."

ವಾಪಸ್ ಬರುವಾಗ ಕೇಳಿದೆ, "ದೊಡ್ಡವನು ತಾನೇ?"

"ನೀನು ಕೈ ಸುಟ್ಟುಕೊಂಡೆಯಲ್ಲ, ಈಗ ಹೇಗಿದೆ?"

"ಉರೀತಿದೆ."

"ಉರೀಬೇಕು," ಎಂದಳು. ಕನಿಕರ ಎಂಬುದು ಅವಳ ಹತ್ತಿರ ಸುಳಿಯದು ಎಂದುಕೊಂಡೆ.

ಮರುದಿನ ಬೆಳಿಗ್ಗೆ ನರ್ಸಮ್ಮನೂ ಬಂದಿದ್ದಳು. ಅತ್ತಿಗೆ ಚಿಕ್ಕವನಿಂದ ಮೊದಲನೇ ನಟ್ಟು ಬಿಚ್ಚಿಸಿದಳು, ಅದರ ಸ್ಟಡ್ಡನ್ನೂ ಹೊರಗೆ ತೆಗೆಸಿದಳು. ಪಕ್ಕದ ಸ್ಟಡ್ಡನ್ನೂ ತೆಗೆಸಿದಳು. ಎರಡನ್ನೂ ಬಟ್ಟೆಯಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡಳು. ಯಾರಿಗೂ ತೋರಿಸಲಿಲ್ಲ.

"ಇಂಥದ್ದೇ ಹೊಸ ಸ್ಟಡ್ ಇದೆಯಾ?"

ಇತ್ತು. ಅದನ್ನು ಬೆಂಚಿಗೆ ಬಿಗಿದ ವೈಸಿನ ಇಕ್ಕಳದಲ್ಲಿ ಕಚ್ಚಿಸಿದ ಕಬ್ಬಿಣದ ತುಂಡಿಗೆ ಕೂರಿಸಿದರು. ಮೇಲೊಂದು ದಪ್ಪ ಪಟ್ಟಿ, ಅದರ ಮೇಲೆ ನಟ್ಟು. ಚಿಕ್ಕವನು ಟಾರ್ಕ್ ರೆಂಚ್ ಹಾಕಿ ಎಳೆದ. ಕಟ್ ಎಂದಿತು. ಹಳದಿ ಗೆರೆಯನ್ನೂ ಎಳೆದ.

"ಯಜಮಾನರೇ," ಎಂದಳು ಅತ್ತಿಗೆ. "ನಿಮ್ಮ ಕೊನೇ ಎಳೆತ ಒಂದು ಎಳೀರಿ. ಕಾರಿಗೆ ಹೇಗೆ ಎಳೆದ್ರೋ ಹಾಗೇ."

ದೊಡ್ಡವನು ಹುಬ್ಬು ಗಂಟಿಕ್ಕಿದ. "ಅಪ್ಪನ್ನ ಯಾಕೆ ಎಳೀತೀರಿ ಇದರಲ್ಲಿ? ಅವರ ಕೈಯಲ್ಲಿ ಈಗ ಏನಿದೆ ಶಕ್ತಿ?"

ಯಜಮಾನರು ಗೋಡೆಯಿಂದ ತಮ್ಮ ಸ್ಪ್ಯಾನರ್ ತೆಗೆದುಕೊಂಡರು. ನಟ್ಟಿಗೆ ಹಾಕಿ, ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಹಿಡಿಗೆ ಸುತ್ತಿದರು. ಎಳೆದರು. ನಟ್ಟು ಕಿರ್ ಎಂದು ಸ್ವಲ್ಪ ತಿರುಗಿತು. ಇನ್ನೂ ಎಳೆದರು. ಅಲ್ಲಿಯವರೆಗೆ ಗಟ್ಟಿಯಾಗಿದ್ದದ್ದು ಒಮ್ಮೆಲೇ ಮೆತ್ತಗಾದಂತೆ ನಟ್ಟು ಸದ್ದಿಲ್ಲದೆ ತಿರುಗತೊಡಗಿತು. ಹಳದಿ ಗೆರೆ ಮುರಿದು ಬಲಕ್ಕೆ ಜಾರಿತು. ಚಿಕ್ಕವನ ಬಾಯಿ ತೆರೆದುಕೊಂಡಿತು. ಸ್ಪ್ಯಾನರ್ ಹಿಡಿದ ಯಾರಿಗೇ ಆದರೂ ಅಲ್ಲಿ ನಿಲ್ಲಿಸಬೇಕೆಂದು ಕೈ ಹೇಳುತ್ತದೆ. ಯಜಮಾನರು ಎಳೆಯುತ್ತಲೇ ಇದ್ದರು.

"ಕೂತಿತಾ?" ಎಂದು ಕೇಳಿದರು.

"ಅಪ್ಪಾ, ಸಾಕು!" ಎಂದು ದೊಡ್ಡವನು ಕಿರುಚಿದ.

ಅವರು ಗಾಬರಿಯಾಗಿ ಕೈ ಬಿಟ್ಟರು. ಮಕ್ಕಳ ಮುಖ ನೋಡಿದರು. ಸ್ಪ್ಯಾನರ್ ನಟ್ಟಿಗೆ ನೇತಾಡುತ್ತಿತ್ತು.

ಅತ್ತಿಗೆ ಜೇಬಿನಿಂದ ಎರಡು ಸ್ಟಡ್ ತೆಗೆದು ಬೆಂಚಿನ ಮೇಲೆ ಜೋಡಿಸಿಟ್ಟಳು. ಮೊದಲನೆಯದು ಪಕ್ಕದ್ದಕ್ಕಿಂತ ಉದ್ದವಿತ್ತು. ನಡುವೆ ಸಣ್ಣಗಾಗಿತ್ತು.

"ಗೆರೆ ಮುರಿದಿದ್ದನ್ನ ನೀವಿಬ್ಬರೂ ನೋಡಿದ್ರಿ," ಎಂದಳು. "ನನ್ನ ಮೈದುನನೂ ನೋಡಿದ. ಯಾವ ಕಡೆಗೆ ಅಂತ ಯಾರೂ ಕೇಳಿಕೊಳ್ಳಲಿಲ್ಲ. ನಟ್ಟು ಸಡಿಲ ಆದ್ರೆ ಗೆರೆ ಎಡಕ್ಕೆ ಸರೀಬೇಕು. ಇದು ಬಲಕ್ಕೆ ಸರಿದಿತ್ತು. ಅಂದ್ರೆ ಯಾರೂ ಬಿಚ್ಚಿಲ್ಲ. ಬಿಗಿ ಆದ ಮೇಲೂ ಯಾರೋ ಬಿಗಿದಿದ್ದಾರೆ."

"ಮತ್ತೆ ಸ್ಪ್ಯಾನರ್ ಹಾಕಿದ್ರೆ ಸಡಿಲ ಇತ್ತಲ್ಲ?" ಎಂದ ದೊಡ್ಡವನು. ಧ್ವನಿ ಬಿದ್ದುಹೋಗಿತ್ತು.

"ಸ್ಟಡ್ ಜಗ್ಗಿಹೋಗಿತ್ತು. ಹಳೇ ಪೈಜಾಮದ ಎಲಾಸ್ಟಿಕ್ ಇದ್ದ ಹಾಗೆ, ಎಷ್ಟು ಎಳೆದು ಕೂರಿಸಿದ್ರೂ ಹಿಡಿತ ಇಲ್ಲ. ನಿಮಗೆ ಸಡಿಲ ಅನ್ನಿಸ್ತು. ಮತ್ತೆ ಬಿಗಿದ್ರಿ. ಒಂದೆರಡು ದಿನ ಸದ್ದು ನಿಲ್ತು. ಕಾರು ಗೇಟು ದಾಟೋ ಮುಂಚೆ ಮತ್ತೆ ಕೊನೇ ಎಳೆತ ಬಿದ್ದಿತ್ತಲ್ಲ, ಮತ್ತೆ ಜಗ್ತು."

"ಬೇರೆ ಗಾಡಿಗಳಿಗೂ ಎಳೀತಾರಲ್ಲಕ್ಕ?" ಎಂದ ಚಿಕ್ಕವನು.

"ಅವಕ್ಕೆ ಚಕ್ರದ ನಟ್ಟು ಎಳೀತಾರೆ. ಅದು ಆನೆ ಎಳೆದ್ರೂ ಜಗ್ಗಲ್ಲ. ಇದಕ್ಕೆ ಮಾತ್ರ ಈ ನಟ್ಟು ಯಾಕೆ ಅಂತ ಅವರನ್ನೇ ಕೇಳು."

ಯಜಮಾನರು ಸ್ಟೂಲಿನ ಮೇಲೆ ಕುಸಿದರು.

"ಮೊದಲ ಸಲ ಎದುರಿಗೆ ಕಂಡ ನಟ್ಟು ಅಂತ ಎಳೆದೆ," ಎಂದರು. "ಆಮೇಲೆ ದೊಡ್ಡವನು ಬೈದದ್ದು ಕೇಳಿಸ್ತು. ತಮ್ಮ ಸಡಿಲ ಬಿಟ್ಟ ಅಂತ. ಎರಡನೇ ಸಲ ಅದನ್ನೇ ಹುಡುಕಿ ಎಳೆದೆ. ಗಟ್ಟಿಯಾಗಿ. ಚಿಕ್ಕವನ ಮೇಲೆ ಮಾತು ಬರಬಾರದು ಅಂತ. ಮೂರನೇ ಸಲ ಇನ್ನೂ ಗಟ್ಟಿಯಾಗಿ."

ಚಿಕ್ಕವನು ಮುಖ ತಿರುಗಿಸಿಕೊಂಡ. ದೊಡ್ಡವನು ನೆಲ ನೋಡುತ್ತ ನಿಂತ.

ನರ್ಸಮ್ಮ ಮುಂದೆ ಬಂದು ಅವರ ಬಲಗೈ ಹಿಡಿದುಕೊಂಡಳು. ಬೊಬ್ಬೆ ನೋಡಿದಳು. ಸೆರಗಿನ ಪಿನ್ ತೆಗೆದು ಬೆರಳ ತುದಿಗೆ ಚುಚ್ಚಿದಳು. ಅವರು ಅಲುಗಲಿಲ್ಲ.

"ಯಾವಾಗಿಂದ ಹೀಗೆ?"

"ಎದ್ದು ಓಡಾಡಿದಾಗಿಂದ. ಬೆರಳು ಮಡಿಸುತ್ತೆ, ಹಿಡಿಯುತ್ತೆ. ಆದರೆ ಹಿಡಿದದ್ದು ಗೊತ್ತಾಗಲ್ಲ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಸ್ಪ್ಯಾನರ್ ಕಿತ್ತುಕೊಳ್ತಿದ್ರು."

ನಿನ್ನೆ ನನ್ನ ಕೈ ಉರಿಯಬೇಕು ಎಂದು ಅತ್ತಿಗೆ ಹೇಳಿದ್ದು ಆಗ ನನಗೆ ಅರ್ಥವಾಯಿತು. ಅದೇ ಬಿಸಿ ತಗಡಿನ ಮೇಲೆ ಅವರು ಕೈಯಿಟ್ಟುಕೊಂಡು ಆರಾಮವಾಗಿ ನಿಂತಿದ್ದನ್ನು ಶೆಡ್ಡಿನಲ್ಲಿದ್ದ ನಾವೆಲ್ಲ ನೋಡಿದ್ದೆವು. ನನಗೆ ನಾಚಿಕೆಯಾಯಿತು.

ದೊಡ್ಡವನು ಅತ್ತಿಗೆಯ ಕಡೆ ತಿರುಗಿದ. "ಹಾಗಾದ್ರೆ ತಪ್ಪು—"

"ತಪ್ಪು ಮಾಡಿದ್ದು ನಿಮ್ಮಪ್ಪನ ಬಲಗೈ. ಅದರಲ್ಲಿ ಅನುಮಾನ ಇಲ್ಲ," ಎಂದಳು ಅತ್ತಿಗೆ. "ಆದರೆ ಒಬ್ಬರನ್ನೊಬ್ಬರು ಅಷ್ಟೊಂದು ಅನುಮಾನಿಸಿದ್ರಿ. ಕಾರು ಮುಟ್ಟಿದವರಲ್ಲಿ ಕೊನೆಯವರು ಯಾರು ಅಂತ ಇಬ್ಬರಿಗೂ ಗೊತ್ತಿತ್ತು. ಬರೀ ಶಾಸ್ತ್ರ ಅಂದ್ರಿ. ಏನಿದೆ ಶಕ್ತಿ ಅಂದ್ರಿ. ಆ ಕೈ ಮೇಲೆ ಅನುಮಾನ ಪಡೋಷ್ಟು ಮರ್ಯಾದೆನೂ ನೀವು ಅದಕ್ಕೆ ಕೊಡ್ಲಿಲ್ಲ."

ಯಜಮಾನರು ತಲೆ ಎತ್ತಿದರು. "ಅಂದ್ರೆ ಬಲ ಹೋಗಿಲ್ಲ?"

"ಬಲ ಎಲ್ಲೂ ಹೋಗಿಲ್ಲ, ಯಜಮಾನರೇ. ಗಟ್ಟಿ ಸ್ಟಡ್ಡನ್ನೇ ಜಗ್ಗಿಸಿದ್ದೀರಿ."

ಅವರು ನಕ್ಕರು. ನಗು ಅರ್ಧಕ್ಕೆ ನಿಂತು ಅಳುವಾಯಿತು. ಅವರು ಮಕ್ಕಳೆದುರು ಅತ್ತದ್ದು ಹೆಂಡತಿ ಹೋದ ದಿನ ಬಿಟ್ಟರೆ ಇದೇ ಎಂದು ನರ್ಸಮ್ಮ ಆಮೇಲೆ ಹೇಳಿದಳು. ದೊಡ್ಡವನು ಹೊರಗೆ ಹೋಗಿ ಗಾರೆಯವನಿಗೆ ಫೋನ್ ಮಾಡಿ ಬರಬೇಡ ಎಂದ. ಯಾಕೆ ಎಂದು ಆ ಕಡೆಯವನು ಕೇಳಿರಬೇಕು. "ಗೋಡೆ ಬೇಡ, ಅಷ್ಟೆ," ಎಂದು ಗದರಿ ಫೋನ್ ಇಟ್ಟ.

ಚಿಕ್ಕವನು ಕಾರಿಗೆ ಹೊಸ ಸ್ಟಡ್ಡುಗಳನ್ನು ಹಾಕಿ, ಹೊಸ ಗ್ಯಾಸ್ಕೆಟ್ ಕೂರಿಸಿ, ನಟ್ಟುಗಳನ್ನು ಬಿಗಿ ಮಾಡಿದ. ಪ್ರತಿಯೊಂದಕ್ಕೂ ಕಟ್ ಎಂದಿತು. ಗೆರೆಗಳನ್ನು ಎಳೆದ. ಅಲ್ಲಿಗೆ ಕೆಲಸ ಮುಗಿಯಿತು. ಆದರೆ ಅಭ್ಯಾಸಬಲದಿಂದ ಎಲ್ಲರೂ ಯಜಮಾನರ ಕಡೆ ನೋಡಿದರು. ಕೂಡಲೇ ಎಲ್ಲರೂ ಬೇರೆ ಕಡೆ ನೋಡಿದರು.

ದೊಡ್ಡವನೇ ಅಪ್ಪನ ಹತ್ತಿರ ಹೋದ. "ಬಾಪ್ಪ. ನಿನ್ನ ಕೈ ಮೇಲೆ ನನ್ನ ಕೈ ಇಟ್ಟುಕೊಳ್ತೀನಿ. ಎಲ್ಲಿ ನಿಲ್ಲಿಸಬೇಕೋ ನಾನು ಹೇಳ್ತೀನಿ."

"ಯಾಕೋ, ಕೈ ಹಿಡಿದು ನನಗೆ ಅಕ್ಷರ ತಿದ್ದಿಸ್ತೀಯ?" ಎಂದರು ಯಜಮಾನರು ಮೂಗೊರೆಸಿಕೊಂಡು. "ಬೇಡ. ಸ್ಟಾರ್ಟ್ ಮಾಡಮ್ಮ ನರ್ಸಮ್ಮ."

ತಣ್ಣಗಿದ್ದ ಎಂಜಿನ್ ಹತ್ತಿಕೊಂಡಿತು. ಟಿಕ್ ಇಲ್ಲ. ಸ್ವಲ್ಪ ಹೊತ್ತು ಕಾದೆವು. ಇಲ್ಲವೇ ಇಲ್ಲ. ನರ್ಸಮ್ಮ ಎಂಜಿನ್ ಆರಿಸಿ ಕಣ್ಣೊರೆಸಿಕೊಂಡಳು.

ದೊಡ್ಡವನಿಗೆ ಆದರೂ ಸಮಾಧಾನವಿಲ್ಲ. ಮನುಷ್ಯನ ಸ್ವಭಾವ ಒಂದೇ ಬೆಳಿಗ್ಗೆಗೆ ಬದಲಾಗುತ್ತದೆಯೇ? ಗೋಡೆಯಿಂದ ಸ್ಪ್ಯಾನರ್ ಎಳೆದುಕೊಂಡು, ಒಮ್ಮೆ ನೋಡಿಬಿಡೋಣ ಎಂದು ಮೊದಲನೇ ನಟ್ಟಿನ ಕಡೆ ಬಗ್ಗಿದ.

ಯಜಮಾನರು ಎಡಗೈಯಿಂದ, ಹಿಡಿದದ್ದು ಗೊತ್ತಾಗುವ ಕೈಯಿಂದ, ಅವನ ಮಣಿಕಟ್ಟು ಹಿಡಿದರು.

"ಮುಟ್ಟಬೇಡ," ಎಂದರು. "ತಮ್ಮ ಬಿಗಿ ಮಾಡಿದ್ದಾನೆ."

ದೊಡ್ಡವನು ಸ್ಪ್ಯಾನರ್ ಬೆಂಚಿನ ಮೇಲಿಟ್ಟು ಬಾನೆಟ್ ಮುಚ್ಚಿದ.